ಜಾಲಪುಟದ ಸಂದರ್ಶಕ ಮತ್ತು ಕಾಣದ ಕಾವಲು

ನಿಜಾಮರ ಆಳಿಕೆಯಲ್ಲಿ ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲನೆಂಬ ಗ್ರಾಮಾಧಿಕಾರಿಯಿದ್ದನು. ಸಂಶಯಕ್ಕೊಳಗಾದವರ ಮೇಲೆ ಕಣ್ಣಿಡುವುದು ಅವನ ಹೊಣೆಗಳಲ್ಲೊಂದು. ಆ ಕಾವಲು ಹಿತಕರವಾಗಿತ್ತೆಂದು ಯಾರೂ ಹೇಳಲಾರರು. ಆದರೆ ಕಾಯುವವನಾರೆಂಬುದು ಊರಿಗೆಲ್ಲ ತಿಳಿದಿತ್ತು. ಇಂದು ಶಹಾಬಾದದ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ಜಾಲಪುಟವೊಂದನ್ನು ತೆರೆದಾಗ ತನ್ನನ್ನು ಗಮನಿಸುತ್ತಿರುವವರು ಯಾರು, ಎಷ್ಟು ಮಂದಿ ಎಂಬುದು ಅವನಿಗೆ ತಿಳಿಯದು. ಪ್ರಕೃತ ಲೇಖನದ ವಿಷಯ ಈ ಅಂತರವೇ.

ಜಾಲಪುಟಗಳನ್ನು ಒದಗಿಸುವ ಸರ್ವರ್ ಯಂತ್ರಕ್ಕೆ ಸ್ವಭಾವತಃ ನೆನಪೆಂಬುದಿಲ್ಲ. ಒಬ್ಬನೇ ಎರಡು ಸಲ ಬಂದರೂ ಇಬ್ಬರು ಅಪರಿಚಿತರು ಬಂದಂತೆಯೇ ಸರಿ. ಈ ಕೊರತೆಯನ್ನು ನೀಗಲು ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ 1994ರಲ್ಲಿ ‘ಕುಕಿ’ಯನ್ನು ರೂಪಿಸಿದರು. ಇದೊಂದು ಸಣ್ಣ ಚೀಟಿ. ಸರ್ವರ್ ಅದನ್ನು ಸಂದರ್ಶಕನ ಬ್ರೌಸರಿಗೆ ಕೊಡುತ್ತದೆ, ಬ್ರೌಸರ್ ಮುಂದಿನ ಭೇಟಿಯಲ್ಲಿ ಅದನ್ನು ಮರಳಿ ತೋರಿಸುತ್ತದೆ. ಕೊಳ್ಳುವವನ ಬುಟ್ಟಿಯಲ್ಲಿ ಏನಿತ್ತೆಂಬುದನ್ನು ನೆನಪಿಡಲು ಹುಟ್ಟಿದ ಈ ಉಪಾಯದಲ್ಲಿ ದೋಷವೇನೂ ಇಲ್ಲ. ತೊಡಕು ಬಂದುದು ಮೂರನೆಯವರಿಂದ. ವೃತ್ತಪತ್ರಿಕೆಯ ಪುಟ, ಔಷಧದ ಪುಟ, ಸಾಲದ ಪುಟ ಇವು ಮೂರರಲ್ಲಿಯೂ ಒಂದೇ ಜಾಹೀರಾತು ಸಂಸ್ಥೆಯ ತುಣುಕಿದ್ದರೆ, ಆ ಸಂಸ್ಥೆಗೆ ಮೂರು ಕಡೆಯೂ ತನ್ನ ಚೀಟಿಯೇ ಕಾಣುತ್ತದೆ. ಕ್ಷಯರೋಗದ ವಿಷಯ ಓದಿದವನೂ ಸಾಲ ಹುಡುಕಿದವನೂ ಒಬ್ಬನೇ ಎಂದು ತಿಳಿಯಲು ಅದಕ್ಕೆ ಅವನ ಹೆಸರು ಬೇಕಾಗಿಲ್ಲ. ಆಪಲ್ ಸಂಸ್ಥೆಯ ಸಫಾರಿ ಬ್ರೌಸರ್ 2020ರಿಂದ ಇಂತಹ ಅನ್ಯರ ಚೀಟಿಗಳನ್ನು ತಡೆಯುತ್ತಿದೆ. ಅದೇ ವರ್ಷ ತಾನೂ ಅವನ್ನು ಕೈಬಿಡುವುದಾಗಿ ಸಾರಿದ ಗೂಗಲ್, 2024ರಲ್ಲಿ ಆ ಸಂಕಲ್ಪವನ್ನೇ ಕೈಬಿಟ್ಟಿತು.

ಚೀಟಿಯನ್ನು ಅಳಿಸಿಬಿಟ್ಟರೆ ಮುಗಿಯಿತೇ? ಇಲ್ಲ. ಪರದೆಯ ಅಳತೆ, ಗಣಕದಲ್ಲಿರುವ ಅಕ್ಷರಶೈಲಿಗಳು, ಆಯ್ದ ಭಾಷೆ ಮೊದಲಾದವನ್ನು ಕೂಡಿಸಿಯೂ ಯಂತ್ರವನ್ನು ಗುರುತಿಸಬಹುದು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರೀಕ್ಷಿಸಿದಾಗ ಶೇಕಡಾ 83.6ರಷ್ಟು ಒಂದನ್ನೊಂದು ಹೋಲದೆ ಬಿಡಿಬಿಡಿಯಾಗಿ ಕಂಡವು. ಗುರುತು ನಿಲ್ಲುವುದು ವಿರಳತೆಯ ಮೇಲೆ. ಆದುದರಿಂದ ‘ನುಡಿ’ ಅಥವಾ ‘ಬರಹ’ದ ಅಕ್ಷರಗಳನ್ನು ಇರಿಸಿಕೊಂಡು ಕನ್ನಡದಲ್ಲಿಯೇ ಪುಟಗಳನ್ನು ಬೇಡುವ ಗಣಕವು, ಜಗತ್ತಿನ ಸಂತೆಯಲ್ಲಿ, ಇಂಗ್ಲಿಷ್ ಗಣಕಕ್ಕಿಂತ ಬೇಗ ಕಣ್ಣಿಗೆ ಬೀಳಬಲ್ಲುದು. ತಾಯ್ನುಡಿಯ ಬಳಕೆಗೆ ಇಂತಹದೊಂದು ಸುಂಕವಿರುವುದನ್ನು ನಮ್ಮ ಭಾಷಾಚರ್ಚೆಗಳು ಇನ್ನೂ ಸಾಕಷ್ಟು ಗಮನಿಸಿಲ್ಲ.

ಇನ್ನು ಕಾನೂನು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವನು ದರೋಡೆಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆ ಹೊಂದಿದರೂ ಪೊಲೀಸರು ಅವನ ಮೇಲೆ ನಿಗಾ ಇಟ್ಟು ರಾತ್ರಿ ಬಂದು ಬಾಗಿಲು ಬಡಿಯುತ್ತಿದ್ದರು. ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಆ ರಾತ್ರಿಭೇಟಿಗಳನ್ನು ರದ್ದುಪಡಿಸಿತು. ಆದರೆ ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಉಳಿದ ನಿಗಾವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಸುಬ್ಬರಾಯರು ಭಿನ್ನಮತ ಬರೆದರು. ಈ ಪ್ರಕರಣದಲ್ಲಿ ಬಾಗಿಲ ಸದ್ದನ್ನು ಮರೆಯಬಾರದು: ಅದು ಕೇಳಿಸಿತಾದ ಕಾರಣ ಅವನು ನ್ಯಾಯಾಲಯಕ್ಕೆ ಹೋದನು. ಜಾಲಪುಟದ ಸಂದರ್ಶಕನಿಗೆ ಆ ಸದ್ದೇ ಇಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹಳೆಯ ನಿಲುವು ಬದಲಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ತರುವಾಯ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಸಮ್ಮತಿ ಕೇಳುವ ತಿಳಿವಳಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ, ಎಂದರೆ ಕನ್ನಡದಲ್ಲಿಯೂ, ಪಡೆಯುವ ಅವಕಾಶವನ್ನು ವಿಧಿಸಿದೆ. ಬಾಗಿಲ ಸದ್ದಿಗೆ ಸಮೀಪವಾದುದು ಇದೊಂದೇ. ಓದದೆ ‘ಒಪ್ಪಿದೆ’ ಎಂದು ಒತ್ತಿದರೆ ಅದೂ ಕೇಳಿಸದು. ಹದಿನೆಂಟು ತುಂಬದವರ ಜಾಡು ಹಿಡಿಯುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಅಧಿನಿಯಮವು, ಕೆಲವು ವಿನಾಯಿತಿಗಳೊಡನೆ, ನಿಷೇಧಿಸುತ್ತದೆ. ನಮ್ಮ ಪದವಿಪೂರ್ವ ತರಗತಿಗಳ ಬಹುಪಾಲು ವಿದ್ಯಾರ್ಥಿಗಳು ಈ ವಯಸ್ಸಿನವರೇ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಸಮ್ಮತಿಯನ್ನೂ ಮಕ್ಕಳನ್ನೂ ಕುರಿತ ವಿಧಿಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಗೊತ್ತುಪಡಿಸಲಾಯಿತು.