ಸರ್ವರ್ ಕೋಣೆಯ ಬೀಗದ ಕೈ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಅಡಿಕೆ ಬೆಳೆಗಾರರೇ ಕೂಡಿ ಕಟ್ಟಿಕೊಂಡ ಪತ್ತಿನ ಸಹಕಾರ ಸಂಘವೊಂದರ ಕಚೇರಿಯ ಹಿಂಭಾಗದಲ್ಲಿ, ಹಿಂದೆ ಹಳೆಯ ಲೆಕ್ಕದ ಪುಸ್ತಕಗಳನ್ನು ಪೇರಿಸಿಡುತ್ತಿದ್ದ ಎಂಟಡಿ ಅಗಲದ ಕೋಣೆಯಲ್ಲಿ, ಆ ಸಂಘದ ಸಮಸ್ತ ವ್ಯವಹಾರವನ್ನೂ ತನ್ನ ಒಡಲಲ್ಲಿಟ್ಟುಕೊಂಡ ಗಣಕಯಂತ್ರವೊಂದು ಹಗಲಿರುಳೂ ಗುಂಯ್‌ಗುಡುತ್ತಿದ್ದುದನ್ನು ನಾನು ಹಲವು ವರ್ಷ ಕಂಡಿದ್ದೇನೆ. ಅಲ್ಲಿಯವರು ಅದನ್ನು ಸರ್ವರ್ ಎನ್ನುತ್ತಿದ್ದರು. ಅದರ ಪಕ್ಕದಲ್ಲಿ ಯು.ಪಿ.ಎಸ್. ಬ್ಯಾಟರಿಗಳ ಸಾಲು, ಮೇಲೆ ಏ.ಸಿ., ಅದರಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಬಕೆಟ್ಟು. ಕಿಟಕಿಯ ಸಂದಿನಿಂದ ನುಸುಳುವ ಇರುವೆಗಳಿಗೆ ಅಡ್ಡವಾಗಿ ಎಳೆದ ಅರಿಸಿನ ಪುಡಿಯ ಗೆರೆ. ಕೋಣೆಯ ಬೀಗದ ಕೈ ಇದ್ದುದು ಗಣಕದ ಕೆಲಸ ಬಲ್ಲ ಒಬ್ಬನೇ ಗುಮಾಸ್ತನ ಜೇಬಿನಲ್ಲಿ. ಆತ ಪ್ರತಿ ಶನಿವಾರ ಸಂಜೆ ಲೆಕ್ಕದ ಪ್ರತಿಯನ್ನು ಸಣ್ಣದೊಂದು ಡಿಸ್ಕಿಗೆ ಇಳಿಸಿ, ಬಟ್ಟೆಯ ಚೀಲದಲ್ಲಿಟ್ಟು, ಮನೆಗೆ ಒಯ್ಯುತ್ತಿದ್ದನು.

ಒಂದು ವರ್ಷ ಮುಂಗಾರಿನ ಮೊದಲ ಸಿಡಿಲಿಗೆ ಆ ಯಂತ್ರ ಸುಟ್ಟಿತು. ತಂಗಿಯ ಮದುವೆಯ ಓಡಾಟದಲ್ಲಿದ್ದ ಗುಮಾಸ್ತನು ಅದರ ಹಿಂದಿನ ಎರಡು ಶನಿವಾರ ಪ್ರತಿ ತೆಗೆದಿರಲಿಲ್ಲ. ಹೊಸ ಯಂತ್ರ ಬಂದು, ಕೈಬರಹದ ರಸೀತಿಗಳಿಂದ ಮೂರು ವಾರದ ಲೆಕ್ಕವನ್ನು ಮರಳಿ ಕೂಡಿಸುವವರೆಗೆ ಸಂಘದ ಕಿಟಕಿಗಳು ಮುಚ್ಚಿಯೇ ಇದ್ದವು. ಆ ದಿನಗಳಲ್ಲಿ ಒಂದು ಬೆಳಿಗ್ಗೆ, ಮೊಮ್ಮಗನ ಕಾಲೇಜಿನ ಫೀಸಿಗೆಂದು ಹಣ ಬಿಡಿಸಿಕೊಳ್ಳಲು ಬಂದ ವೃದ್ಧೆಯೊಬ್ಬರಿಗೆ ಕಾರ್ಯದರ್ಶಿಗಳು, “ಸರ್ವರ್ ಹೋಗಿದೆ ಅಮ್ಮಾ, ಸೋಮವಾರ ಬನ್ನಿ” ಎಂದರು. ಆಕೆ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ, “ನಾನು ದುಡ್ಡು ಕೊಟ್ಟಿದ್ದು ನಿಮ್ಮ ಕೈಲಿ ಮಾರಾಯ್ರೆ, ಆ ಸರ್ವರ್ ಕೈಲಿ ಅಲ್ವಲ್ಲ” ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಆ ಮಾತು ಅಂದಿನಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ. ಯಾರ ತೋಟ ಎಂಥದು, ಯಾರು ಸಾಲ ತೀರಿಸಬಲ್ಲರು, ಕೊಳೆರೋಗ ಬಂದ ವರ್ಷ ಯಾರಿಗೆ ಕಂತಿನ ಅವಧಿಯನ್ನು ಮುಂದೂಡಬೇಕು ಎಂಬ ವಿವೇಚನೆಯಲ್ಲಿ ನುರಿತ ಆ ಸಂಘಕ್ಕೆ ಬ್ಯಾಟರಿಯ ಆಯುಷ್ಯವನ್ನೂ ಡಿಸ್ಕಿನ ಆರೋಗ್ಯವನ್ನೂ ಕಾಯುವ ಕೆಲಸ ಯಾವ ನ್ಯಾಯದಿಂದ ಬಂತು? ಇದೇ ಪ್ರಶ್ನೆ ಆಸ್ಪತ್ರೆಗೂ ಕಾಲೇಜಿಗೂ ಸಕ್ಕರೆ ಕಾರ್ಖಾನೆಗೂ ಇದೆ. ಗಣಕವಿಲ್ಲದೆ ಇವು ಯಾವುವೂ ಒಂದು ದಿನವೂ ನಡೆಯವು. ಆದರೆ ಗಣಕವನ್ನು ಸಾಕುವುದು ಇವುಗಳಲ್ಲಿ ಯಾವುದರ ಕಸುಬೂ ಅಲ್ಲ. ಈ ಹೊರೆಯನ್ನು ಅದೇ ಕಸುಬಾಗಿ ಉಳ್ಳವರಿಗೆ ಗುತ್ತಿಗೆಗೆ ವಹಿಸುವ ಏರ್ಪಾಡೇ ಈಗ ಎಲ್ಲೆಡೆ ಕೇಳಿಬರುತ್ತಿರುವ ಕ್ಲೌಡ್ ನಿರ್ವಹಣೆ.

ಕ್ಲೌಡ್ ಎಂದರೆ ಮೋಡವೆಂಬ ಅರ್ಥವಿದ್ದರೂ ಆಕಾಶದಲ್ಲಿ ಏನೂ ಇಲ್ಲ. ಒಳಗಿನ ವಿವರ ತೋರಿಸಬೇಕಾಗಿಲ್ಲದ ಜಾಲವನ್ನು ಎಂಜಿನಿಯರುಗಳು ತಮ್ಮ ನಕ್ಷೆಗಳಲ್ಲಿ ಮೋಡದ ಆಕಾರದಲ್ಲಿ ಬರೆಯುತ್ತಿದ್ದುದರಿಂದ ಬಂದ ಹೆಸರದು. ವಸ್ತುತಃ ಅಲ್ಲಿರುವುದು ನೆಲದ ಮೇಲಿನ ಭಾರಿ ಕಟ್ಟಡಗಳು, ಅವುಗಳೊಳಗೆ ಸಾಲುಸಾಲಾಗಿ ನಿಂತ ಸಹಸ್ರಾರು ಸರ್ವರ್‌ಗಳು, ಅವನ್ನು ತಣ್ಣಗಿಡುವ ಯಂತ್ರಗಳು, ಎರಡು ಮೂರು ದಾರಿಗಳಿಂದ ಬರುವ ವಿದ್ಯುತ್ತು. ಒಂದೇ ಯಂತ್ರವು ಹಲವರಿಗೆ ಹಲವು ಪ್ರತ್ಯೇಕ ಯಂತ್ರಗಳಂತೆ ತೋರುವ ಹಾಗೆ ಮಾಡುವ ವಿದ್ಯೆಯನ್ನು ಐ.ಬಿ.ಎಂ. ಸಂಸ್ಥೆ 1960ರ ದಶಕದಲ್ಲಿಯೇ ಸಾಧಿಸಿತ್ತು. ಗಣನಶಕ್ತಿಯೂ ಒಂದು ದಿನ ದೂರವಾಣಿಯಂತೆ ಸಾರ್ವಜನಿಕ ಸೌಕರ್ಯವಾದೀತೆಂದು ಗಣಕವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ನುಡಿದಿದ್ದರು. ಆದರೂ ಅದು ಯಾರು ಬೇಕಾದರೂ ಕೊಳ್ಳಬಹುದಾದ ಸರಕಾದದ್ದು 2006ರಲ್ಲಿ, ಅಮೆಜಾನ್ ಸಂಸ್ಥೆಯು ಮೊದಲು ಸಂಗ್ರಹದ ಸ್ಥಳವನ್ನೂ ಕೆಲವೇ ತಿಂಗಳ ತರುವಾಯ ಗಣನಶಕ್ತಿಯನ್ನೂ ಬಳಸಿದಷ್ಟಕ್ಕೆ ಬಾಡಿಗೆಯೆಂಬ ಲೆಕ್ಕದಲ್ಲಿ ಕೊಡತೊಡಗಿದಾಗ. ಭಾರತದ ನೆಲದಲ್ಲಿ ಇಂಥ ಕೇಂದ್ರಗಳನ್ನು ಮೈಕ್ರೋಸಾಫ್ಟ್ 2015ರಲ್ಲಿ ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆಯಿತು.

ಬರಿಯ ಬಾಡಿಗೆಗೂ ನಿರ್ವಹಣೆಗೂ ಭೇದವುಂಟು. ಮದುವೆಗೆ ಕಲ್ಯಾಣಮಂಟಪವನ್ನು ಮಾತ್ರ ಹಿಡಿದವನು ಸೌದೆ ಸಿಲಿಂಡರುಗಳಿಂದ ಹಿಡಿದು ಬಾಳೆಲೆಯವರೆಗೆ ತಾನೇ ಓಡಾಡಬೇಕು. ಅಡುಗೆಯವರಿಗೇ ಒಟ್ಟಾಗಿ ಕಂಟ್ರಾಕ್ಟು ಕೊಟ್ಟವನು ಅತಿಥಿಗಳ ಪಕ್ಕದಲ್ಲಿ ಕುಳಿತು ಮಾತನಾಡಬಲ್ಲನು. ಹಾಗೆಯೇ ಕ್ಲೌಡಿನಲ್ಲಿ ಯಂತ್ರವನ್ನಷ್ಟೇ ಪಡೆದರೆ ಅದರ ತಂತ್ರಾಂಶವನ್ನು ಕಾಲಕಾಲಕ್ಕೆ ಸರಿಪಡಿಸುವುದು, ಕಳ್ಳರು ಹೊಕ್ಕರೆ ಗುರುತಿಸುವುದು, ಬ್ಯಾಕಪ್ ತೆಗೆಯುವುದು, ನಡುರಾತ್ರಿ ಕೆಟ್ಟರೆ ಎದ್ದು ನೋಡುವುದು ಎಲ್ಲವೂ ನಮ್ಮ ಪಾಲಿಗೇ ಉಳಿಯುತ್ತವೆ. ನಿರ್ವಾಹಕ ಸಂಸ್ಥೆಯು ಇವನ್ನೂ ಒಪ್ಪಂದದೊಳಗೆ ತರುತ್ತದೆ.

ಕನ್ನಡನಾಡಿನವರಿಗೆ ಇದು ಅಪೂರ್ವವಾದ ಯೋಚನೆಯೇನಲ್ಲ. ಕೋಲಾರದ ಚಿನ್ನದ ಗಣಿಗಳು ಒಂದು ಕಾಲದಲ್ಲಿ ತಮ್ಮ ಯಂತ್ರಗಳನ್ನು ತಾವೇ ಉಗಿಯಿಂದ ನಡೆಸಿಕೊಳ್ಳುತ್ತಿದ್ದವು. ಅದಿರನ್ನು ಅಗೆಯಬೇಕಾದವರು ಕಟ್ಟಿಗೆ ಕಲ್ಲಿದ್ದಲುಗಳನ್ನು ಹೊಂದಿಸುವ ಚಿಂತೆಯನ್ನೂ ಹೊರಬೇಕಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ, 1902ರಲ್ಲಿ ಶಿವನಸಮುದ್ರದ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಗಣಿಗಳನ್ನು ಮುಟ್ಟಿತು. ಗಣಿಯ ಒಡೆಯರು ಅಂದು ಕೊಂಡದ್ದು ಯಂತ್ರವನ್ನಲ್ಲ, ಶಕ್ತಿಯನ್ನು. ಅದನ್ನು ಹುಟ್ಟಿಸುವ ಜವಾಬ್ದಾರಿ ಮೈಸೂರು ಸರ್ಕಾರದ್ದಾಯಿತು, ಅವರ ಗಮನ ಮರಳಿ ಚಿನ್ನದ ಕಡೆಗೆ ಹೋಯಿತು. ಆದರೆ ಈ ಕಥೆಯ ಉತ್ತರಾರ್ಧವನ್ನೂ ಹೇಳಬೇಕು. ಬೇಸಗೆಯಲ್ಲಿ ನದಿ ಬಡವಾದರೆ ತೊಂಬತ್ತು ಮೈಲಿ ದೂರದ ಗಣಿಗೂ ಅದರ ಬಿಸಿ ತಟ್ಟುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವನ್ನು ಕೈಗೊಂಡುದರ ಉದ್ದೇಶಗಳಲ್ಲಿ ಆ ವಿದ್ಯುತ್ತು ವರ್ಷವಿಡೀ ತಪ್ಪದಂತೆ ನೋಡಿಕೊಳ್ಳುವುದೂ ಒಂದಾಗಿತ್ತು. ಪರರ ಶಕ್ತಿಯನ್ನು ನೆಚ್ಚಿದವನು ಆ ಶಕ್ತಿಯ ಹಿಂದಿರುವ ಜಲಾಶಯ ಎಷ್ಟು ಆಳವೆಂದು ಕೇಳಲೇಬೇಕು.

ಲಾಭಗಳಲ್ಲಿ ಹಣದ ಮಾತನ್ನೇ ಜನ ಮೊದಲು ಎತ್ತುತ್ತಾರೆ. ಸ್ವಂತ ಸರ್ವರ್ ಕೊಳ್ಳುವವನು ವರ್ಷದ ಅತ್ಯಂತ ನಿಬಿಡವಾದ ದಿನಕ್ಕೆ ಸಾಕಾಗುವಷ್ಟು ದೊಡ್ಡದನ್ನು ಮುಂಗಡ ಹಣ ತೆತ್ತು ಕೊಳ್ಳಬೇಕು. ಉಳಿದ ದಿನಗಳಲ್ಲಿ ಅದರ ಬಹುಭಾಗ ಸುಮ್ಮನೆ ಬಿದ್ದಿರುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನವನ್ನು ನೆನೆಯಿರಿ: ಲಕ್ಷಾಂತರ ಮಕ್ಕಳೂ ಅವರ ತಂದೆತಾಯಿಗಳೂ ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲನ್ನು ತಟ್ಟುವ ಆ ಕೆಲವು ಗಂಟೆಗಳಿಗಾಗಿ ವರ್ಷಪೂರ್ತಿ ನೂರು ಯಂತ್ರಗಳನ್ನು ಸಾಕುವುದು ಅಪವ್ಯಯ, ಸಾಕದಿದ್ದರೆ ಅಂದು ಬಾಗಿಲು ಮುರಿಯುತ್ತದೆ. ಕ್ಲೌಡಿನಲ್ಲಾದರೆ ಅಂದು ನೂರನ್ನು ಪಡೆದು ಮರುದಿನ ನಾಲ್ಕಕ್ಕೆ ಇಳಿಸಬಹುದು. ವ್ಯವಹಾರ ವರ್ಷವಿಡೀ ಏರಿಳಿತವಿಲ್ಲದೆ ಸಾಗುವ ಕಡೆ ತಿಂಗಳ ಬಾಡಿಗೆ ಸ್ವಂತ ಯಂತ್ರದ ಬೆಲೆಯನ್ನು ಮೀರುವುದೂ ಉಂಟು. ಎಲ್ಲರಿಗೂ ಉಳಿತಾಯವೇ ಎಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ.

ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ಹಿರಿದಾದ ಲಾಭ ಮನುಷ್ಯರಿಗೆ ಸಂಬಂಧಿಸಿದ್ದು. ಒಂದು ಸಣ್ಣ ಸಂಸ್ಥೆ ಹಗಲಿಗೊಬ್ಬ, ರಾತ್ರಿಗೊಬ್ಬ, ರಜೆಯ ದಿನಕ್ಕೊಬ್ಬ ನಿಪುಣನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಾರದು. ಒಬ್ಬನನ್ನು ಇಟ್ಟುಕೊಂಡರೆ ಆತನ ತಂಗಿಗೆ ಮದುವೆಯಾಗುತ್ತದೆ. ನೂರಾರು ಸಂಸ್ಥೆಗಳ ಕೆಲಸ ಒಂದೆಡೆ ಸೇರಿದಾಗಲಾದರೋ ಸರದಿಯ ಮೇಲೆ ಎಚ್ಚರವಾಗಿರುವ ಒಂದು ತಂಡವೇ ಸಿದ್ಧವಾಗುತ್ತದೆ, ಒಂದು ಕಡೆ ಕಂಡ ದೋಷದ ಅನುಭವ ಉಳಿದೆಲ್ಲರ ರಕ್ಷಣೆಗೆ ಒದಗುತ್ತದೆ.

ಈ ದಾರಿಯಲ್ಲಿ ನಡೆದವರೊಳಗೆ ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯ ನಿದರ್ಶನ ಮನನೀಯವಾದದ್ದು. ಅಂಚೆಯ ಮೂಲಕ ಡಿ.ವಿ.ಡಿ.ಗಳನ್ನು ಕಳುಹುತ್ತಿದ್ದ ಆ ಸಂಸ್ಥೆಯ ಮುಖ್ಯ ದತ್ತಾಂಶ ಭಂಡಾರ 2008ರ ಆಗಸ್ಟಿನಲ್ಲಿ ಕೆಟ್ಟು, ಮೂರು ದಿನ ಒಂದು ಡಿಸ್ಕನ್ನೂ ಕಳುಹಿಸಲಾಗಲಿಲ್ಲ. ಆಗ ಅವರು ಅಮೆಜಾನಿನ ಕ್ಲೌಡಿಗೆ ಹೋಗಲು ನಿಶ್ಚಯಿಸಿದರು; ಆ ಪ್ರಯಾಣ ಮುಗಿದದ್ದು 2016ರ ಜನವರಿಯಲ್ಲಿ. ಏಳು ವರ್ಷ ಹಿಡಿದುದೇಕೆಂದರೆ, ಹಳೆಯ ಮನೆಯ ಸಾಮಾನನ್ನು ಇದ್ದಹಾಗೆಯೇ ಹೊತ್ತೊಯ್ದರೆ ಅದರ ದೋಷಗಳೂ ಜೊತೆಗೇ ಬರುತ್ತವೆಂದು ತಿಳಿದು, ಹೆಚ್ಚುಕಡಿಮೆ ಎಲ್ಲವನ್ನೂ ಹೊಸದಾಗಿ ಕಟ್ಟಿದರು. ಇನ್ನೂ ಮುಖ್ಯವಾದದ್ದು ಅವರು ಪರರಿಗೆ ಕೊಡದೆ ಉಳಿಸಿಕೊಂಡದ್ದು: ಚಿತ್ರಗಳನ್ನು ನೋಡುಗನ ಮನೆಯವರೆಗೆ ಮುಟ್ಟಿಸುವ ಜಾಲವನ್ನು ತಾವೇ ನಿರ್ಮಿಸಿಕೊಂಡರು. ಅದು ಅವರ ಕಸುಬಿನ ಜೀವನಾಡಿಯಾಗಿತ್ತು. ಏನನ್ನು ಒಪ್ಪಿಸಬೇಕು, ಏನನ್ನು ಒಪ್ಪಿಸಬಾರದು ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳ ಸಹಕಾರ ಸಂಘಗಳೂ ಈಗ ಈ ಮಾರ್ಗಕ್ಕೆ ಬಂದಿವೆ. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಅದರ ಲೆಕ್ಕ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದಿರಬೇಕು. 2022ರ ಜೂನಿನಲ್ಲಿ ಕೇಂದ್ರ ಸರ್ಕಾರವು ಅಂಥ 63,000 ಪ್ರಾಥಮಿಕ ಸಂಘಗಳನ್ನು ಕ್ಲೌಡಿನಲ್ಲಿರುವ ಒಂದೇ ತಂತ್ರಾಂಶದಡಿ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆಯಿತ್ತಿತು. ಪ್ರತಿಯೊಂದು ಹಳ್ಳಿಯಲ್ಲಿಯೂ ಒಂದೊಂದು ಸರ್ವರ್ ಇಟ್ಟು, ಒಂದೊಂದು ಬಕೆಟ್ಟು ಇಟ್ಟು, ಈ ಕೆಲಸ ಸಾಧ್ಯವಿತ್ತೇ?

ಆದರೆ ವಿದ್ಯುತ್ತಿಗೂ ದತ್ತಾಂಶಕ್ಕೂ ಇರುವ ಅಂತರವನ್ನು ಮರೆಯತಕ್ಕದ್ದಲ್ಲ. ವಿದ್ಯುತ್ತಿಗೆ ನೆನಪಿಲ್ಲ; ಇಂದಿನ ಯೂನಿಟ್ಟು ಹೋದರೆ ನಾಳೆಯದು ಅಷ್ಟೇ ಒಳ್ಳೆಯದು. ಲೆಕ್ಕವಾದರೋ ನೆನಪೇ ಆಗಿದೆ. ಒಮ್ಮೆ ಅಳಿದರೆ ಅದಕ್ಕೆ ಬದಲಿಯಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓ.ವಿ.ಎಚ್. ಕ್ಲೌಡ್ ಸಂಸ್ಥೆಯ ಕಟ್ಟಡವೊಂದು ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇಟ್ಟಿರದ ಗ್ರಾಹಕರು ತಮ್ಮದೆಲ್ಲವನ್ನೂ ಕಳೆದುಕೊಂಡರು. ಮೂಲವೂ ಬ್ಯಾಕಪ್ಪೂ ಒಂದೇ ಕಟ್ಟಡದಲ್ಲಿದ್ದವರೂ ಅವರೊಳಗಿದ್ದರು. ಹಾಗೆಂದು ಸ್ವಂತದ್ದೇ ಕ್ಷೇಮವೆನ್ನುವಂತೆಯೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಅಲ್ಲಿಯ ಸರ್ಕಾರ ತಾನೇ ನಡೆಸುತ್ತಿದ್ದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರ 858 ಟೆರಾಬೈಟಿನಷ್ಟು ಕಡತಗಳು, ಹೊರಗೆಲ್ಲಿಯೂ ಪ್ರತಿಯಿಲ್ಲದೆ, ಭಸ್ಮವಾದವು. ಕೇಳಬೇಕಾದ ಪ್ರಶ್ನೆ ಯಂತ್ರ ಯಾರದೆಂಬುದಲ್ಲ; ಎರಡನೆಯ ಪ್ರತಿ ಎಲ್ಲಿದೆ, ಅದು ತೆರೆಯುತ್ತದೆಯೇ, ತೆರೆದು ನೋಡಿದವರಾರು ಎಂಬುದು.

ಒಬ್ಬರನ್ನೇ ಬಹಳ ಮಂದಿ ನೆಚ್ಚಿದಾಗ ವಿಪತ್ತೂ ಸಾಮೂಹಿಕವಾಗುತ್ತದೆ. 2024ರ ಜುಲೈ ಕೊನೆಯಲ್ಲಿ, ಹಲವು ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುತ್ತಿದ್ದ ಒಂದೇ ಸಂಸ್ಥೆಯ ಗಣಕಗಳ ಮೇಲೆ ಸುಲಿಗೆಕೋರರ ದಾಳಿ ನಡೆದುದರಿಂದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತಿತು. ಅದಕ್ಕೂ ಮುನ್ನವೇ, 2023ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನವು, ಕೆಲಸವನ್ನು ಹೊರಗೆ ವಹಿಸಿದರೂ ಹೊಣೆ ಬ್ಯಾಂಕಿನದೇ ಎಂದು ವಿಧಿಸಿತ್ತು. ಅದೇ ವರ್ಷದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಅದನ್ನೇ ಹೇಳುತ್ತದೆ. ಆ ವೃದ್ಧೆ ಮೆಟ್ಟಿಲ ಮೇಲೆ ಆಡಿದ ಮಾತನ್ನೇ ಕಾನೂನು ತನ್ನ ಭಾಷೆಯಲ್ಲಿ ಬರೆದಂತಾಯಿತು. ಆದಕಾರಣ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಹೊರಬರುವ ದಾರಿಯನ್ನೂ ಕೇಳಿಕೊಳ್ಳಬೇಕು: ನಾಳೆ ಈ ಸಂಸ್ಥೆ ಬೇಡವೆನಿಸಿದರೆ ನಮ್ಮ ಲೆಕ್ಕವನ್ನು ಬೇರೊಬ್ಬರು ಓದಬಲ್ಲ ರೂಪದಲ್ಲಿ, ಎಷ್ಟು ದಿನದಲ್ಲಿ, ಏನು ಖರ್ಚಿನಲ್ಲಿ ಹಿಂದಿರುಗಿಸುತ್ತಾರೆ?

ನಾನು ಹೇಳಿದ ಸಂಘವು ಈಗ ತನ್ನ ಗಣಕದ ಕೆಲಸವನ್ನು ಕ್ಲೌಡ್ ನಿರ್ವಾಹಕರೊಬ್ಬರಿಗೆ ಒಪ್ಪಿಸಿದೆ. ಮಳೆಗಾಲದಲ್ಲಿ ಇಂಟರ್‌ನೆಟ್ ಕಡಿದುಹೋಗುವ ಕಾಟ ಇದ್ದೇ ಇದೆ. ಅದಕ್ಕೆಂದು ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ ಪಡೆದಿದ್ದಾರೆ. ಹಿಂಭಾಗದ ಕೋಣೆಯಲ್ಲಿ ಈಗ ಸದಸ್ಯರು ಕೂರಲು ಬೆಂಚುಗಳಿವೆ, ಬಾಗಿಲಿಗೆ ಬೀಗವಿಲ್ಲ. ಆ ಗುಮಾಸ್ತನು ಸಾಲದ ಅರ್ಜಿಗಳನ್ನು ನೋಡುತ್ತಾನೆ. ತಿಂಗಳಿಗೊಮ್ಮೆ ಮಾತ್ರ, ನಿರ್ವಾಹಕರು ಬೇರೊಂದು ಊರಿನಲ್ಲಿ ಇಟ್ಟಿರುವ ಪ್ರತಿಯನ್ನು ತೆರೆಯಿಸಿ, ಅಂದು ಕಚೇರಿಗೆ ಬಂದ ಯಾರಾದರೂ ಸದಸ್ಯರ ಪಾಸ್‌ಬುಕ್ಕನ್ನು ಕೇಳಿ ಪಡೆದು, ಸಾಲುಸಾಲಾಗಿ ತಾಳೆ ನೋಡುತ್ತಾನೆ. ಕಳೆದ ಬಾರಿ ನಾನು ಹೋದಾಗ ಅವನ ಮೇಜಿನ ಮೇಲಿದ್ದದ್ದು ಆ ವೃದ್ಧೆಯದೇ. ಆಕೆ ಬೆಂಚಿನ ಮೇಲೆ ಕುಳಿತು, ಅವನು ಓದಿ ಹೇಳುತ್ತಿದ್ದ ಒಂದೊಂದು ಮೊತ್ತಕ್ಕೂ ತಲೆಯಾಡಿಸುತ್ತಿದ್ದರು.