ಬಿಗಿತ ಮತ್ತು ಬಳುಕು: ಉಪಗ್ರಹದ ಕಣ್ಣಿನ ಯಂತ್ರವಿನ್ಯಾಸ

ಅಹಮದಾಬಾದಿನ ವಸ್ತ್ರಾಪುರಕ್ಕೆ ಸಮೀಪದ ಜೋಧಪುರ ಟೇಕರಾದಲ್ಲಿ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರವಿದೆ. ಅದೇ ನಗರದ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನ ಪಡೆದ, ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಐ.ಆರ್.ಎಸ್.-1ಎ ಉಪಗ್ರಹವು ಬೈಕನೂರಿನಿಂದ ಕಕ್ಷೆಯನ್ನು ಸೇರಿತು. ಅದರ ಲಿಸ್ ಕ್ಯಾಮೆರಾಗಳು ಈ ಕೇಂದ್ರದ ಕೃತಿ. ಇಂತಹ ಕ್ಯಾಮೆರಾಗಳ ಪ್ರಸ್ತಾಪ ಬಂದಾಗ ಎಲ್ಲರೂ ಮಸೂರವನ್ನು ಹೊಗಳುತ್ತಾರೆ. ಅದನ್ನು ಹಿಡಿದು ನಿಲ್ಲಿಸಿದ ಲೋಹದ ಚೌಕಟ್ಟನ್ನು ನೆನೆಯುವವರು ವಿರಳ.

ಲಿಸ್-1ರಲ್ಲಿ ಬೆಳಕಿನ ನಾಲ್ಕು ಬಣ್ಣಪಟ್ಟಿಗಳಿಗೆ ನಾಲ್ಕು ಪ್ರತ್ಯೇಕ ಮಸೂರಜೋಡಣೆಗಳಿದ್ದವು. ಪ್ರತಿಯೊಂದರ ಸಂಗಮದೂರ ಸುಮಾರು 162 ಮಿಲಿಮೀಟರ್. ಹಿಂದೆ 2048 ಬೆಳಕುಗ್ರಾಹಿ ಬಿಂದುಗಳ ಒಂದು ಸಾಲು. ಬಿಂದುವಿನ ಅಗಲ 13 ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪದ ಐದನೆಯ ಒಂದು ಭಾಗದಷ್ಟು. 904 ಕಿಲೋಮೀಟರ್ ಎತ್ತರದಿಂದ ನೋಡುವಾಗ ಅಷ್ಟೇ ಅಗಲ ನೆಲದ ಮೇಲೆ 72.5 ಮೀಟರ್ ಆಗುತ್ತದೆ. ಆ ಚೌಕದ ವಿಸ್ತೀರ್ಣ ಒಂದೂಕಾಲು ಎಕರೆಗಿಂತ ತುಸು ಹೆಚ್ಚು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪನ್ನು ಹಿಂದಕ್ಕೆ ಚೆಲ್ಲುತ್ತದೆ. ಈ ಎರಡರ ಹೋಲಿಕೆಯಿಂದಲೇ ಬೆಳೆಯ ಸ್ಥಿತಿ ತಿಳಿಯುವುದು. ಒಂದು ಮಸೂರ ತನ್ನ ಗ್ರಾಹಿಯಿಂದ 13 ಮೈಕ್ರಾನ್ ಪಕ್ಕಕ್ಕೆ ಜರುಗಿದರೆ, ಒಬ್ಬ ರೈತನ ಹೊಲದ ಕೆಂಪನ್ನು ನೆರೆಯವನ ಹೊಲದ ಅವಕೆಂಪಿನೊಡನೆ ಹೋಲಿಸಿದಂತಾಗುತ್ತದೆ. ಕೆರೆಯಂಚಿನಲ್ಲಿ ಇಲ್ಲದ ಬೆಳೆ ಕಂಡೀತು.

ಮೊದಲ ಶತ್ರು ಶಾಖ. 162 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಹತ್ತು ಡಿಗ್ರಿ ಕಾದರೆ ಸುಮಾರು 37 ಮೈಕ್ರಾನ್ ಹಿಗ್ಗಿ, ಬಿಂಬ ಮಸುಕಾಗುತ್ತದೆ. ಒಂದು ಮಗ್ಗುಲು ಮಾತ್ರ ಕಾದರೆ ಕೊಳವೆಯೇ ಬಾಗುತ್ತದೆ. ಗಿಯೋಮ್ 1896ರಲ್ಲಿ ಕಂಡುಹಿಡಿದ ಇನ್ವಾರ್ ಎಂಬ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ಹಿಗ್ಗುವಿಕೆ ಇದರ ಇಪ್ಪತ್ತನೆಯ ಒಂದು ಪಾಲು. ಆದರೆ ಅದರ ತೂಕ ಮೂರು ಪಟ್ಟು. ಉಪಗ್ರಹದಲ್ಲಿ ತೂಕವೆಂದರೆ ಸಾಲದಂತೆ, ಪ್ರತಿ ಗ್ರಾಮಿಗೂ ಲೆಕ್ಕ ಕೊಡಬೇಕು.

ಇದಕ್ಕಿಂತ ಜಟಿಲವಾದ ಸಮಸ್ಯೆ ಹಿಡಿತದ್ದು. ರಾಕೆಟ್ಟಿನ ಕಂಪನವನ್ನು ತಾಳಲು ಗಾಜನ್ನು ಬಿಗಿಯಾಗಿ ಹಿಡಿಯಬೇಕು. ಬಿಗಿ ಹೆಚ್ಚಾದರೆ ಗಾಜಿನ ಮೈ ಸೊಟ್ಟಗಾಗುತ್ತದೆ. ನಮ್ಮ ಅಡುಗೆಮನೆಯ ಮೂರು ಒಲೆಗುಂಡುಗಳನ್ನು ಇಲ್ಲಿ ನೆನೆಯಬಹುದು. ಅವುಗಳ ಮೇಲಿಟ್ಟ ಮಡಕೆ ನೆಲ ಹೇಗಿದ್ದರೂ ಕುಂಟುವುದಿಲ್ಲ. ನಾಲ್ಕನೆಯ ಗುಂಡಿಟ್ಟರೆ ಕುಂಟುತ್ತದೆ. ಅದುಮಿ ಕೂರಿಸಿದರೆ ಮಡಕೆಗೇ ಪೆಟ್ಟು. ಆದುದರಿಂದ ಕನ್ನಡಿ, ಮಸೂರಗಳನ್ನು ಸಾಮಾನ್ಯವಾಗಿ ಮೂರೇ ಎಡೆಗಳಲ್ಲಿ ಹಿಡಿದು, ಅಲ್ಲಿ ತೆಳುವಾದ ಲೋಹದ ಅಲಗುಗಳನ್ನು ಇಡುವುದುಂಟು. ಗರಗಸದ ಅಲಗಿನಂತೆ ಇವು ಒಂದು ದಿಕ್ಕಿಗೆ ಬಳುಕಿ ಶಾಖದ ಹಿಗ್ಗನ್ನು ನುಂಗುತ್ತವೆ, ಉಳಿದ ದಿಕ್ಕುಗಳಲ್ಲಿ ಮಣಿಯುವುದಿಲ್ಲ. ಇವುಗಳನ್ನು ಕನ್ನಡದಲ್ಲಿ ‘ಬಳುಕುಪಟ್ಟಿ’ ಎಂದು ಕರೆಯಲು ಅಡ್ಡಿಯಿಲ್ಲವೆಂದು ನನ್ನ ಅಭಿಪ್ರಾಯ, ಕೆಲಸವೇ ಹೆಸರಿನಲ್ಲಿದೆ.

1995ರ ಡಿಸೆಂಬರ್ 28ರಂದು ಹಾರಿದ ಐ.ಆರ್.ಎಸ್.-1ಸಿ ಉಪಗ್ರಹದ ಪ್ಯಾನ್ ಕ್ಯಾಮೆರಾದಲ್ಲಿ ಮಸೂರಗಳಿಗೆ ಬದಲಾಗಿ ಕನ್ನಡಿಗಳ ದೂರದರ್ಶಕವಿತ್ತು. ಅದು 5.8 ಮೀಟರ್ ಅಳತೆಯ ನೆಲವನ್ನು ಬಿಡಿಸಿ ತೋರಿಸಿತು. ಕನ್ನಡಿ ಎಷ್ಟು ಕೋನ ವಾಲುತ್ತದೆಯೋ ಪ್ರತಿಫಲಿಸಿದ ಕಿರಣ ಅದರ ಎರಡರಷ್ಟು ತಿರುಗುತ್ತದೆ. ಅಲ್ಲಿ ಬಿಂದುವಿನ ಅಗಲ 7 ಮೈಕ್ರಾನ್ ಮಾತ್ರ.