ಕಟಲ್ ಮೀನಿಗೆ ತಕ್ಕ ಗಾಜಿನ ತೊಟ್ಟಿ

ಮುಂಬಯಿಯ ಮೀನುಪೇಟೆಯಲ್ಲಿ ಮಾಕುಲ್ ಎಂದೂ ನಮ್ಮ ಕರಾವಳಿಯಲ್ಲಿ ಬೊಂಡಾಸದ ಬಳಗವೆಂದೂ ಪರಿಚಿತವಾದ ಕಟಲ್ ಮೀನು ಹೆಸರಿಗೆ ಮಾತ್ರ ಮೀನು. ಬಸವನಹುಳುವಿನ ದೂರದ ನಂಟನಾದ ಈ ಮೃದ್ವಂಗಿಗೆ ಎಂಟು ತೋಳುಗಳು, ಬೇಟೆಗೆಂದು ಚಾಚುವ ಎರಡು ನೀಳ ಬಾಹುಗಳು, ಮೂರು ಹೃದಯಗಳು. ಔಷಧಕ್ಕೆ ಬಳಸುವ ಸಮುದ್ರಫೇನವು ಇದರ ಬೆನ್ನೊಳಗಿನ ಚಿಪ್ಪೇ ಹೊರತು ಕಡಲಿನ ನೊರೆಯಲ್ಲ. ಕ್ಷಣಕ್ಕೊಂದು ಬಣ್ಣ ತಾಳುವ ಈ ಪ್ರಾಣಿಯನ್ನು ಮನೆಯಲ್ಲಿ ಸಾಕುವವರೂ ಉಂಟು. ಅಂಥವರು ತೊಟ್ಟಿಯನ್ನು ಕೋಣೆಯ ಅಂದಕ್ಕೆ ತಕ್ಕಂತೆ ಆರಿಸದೆ ಪ್ರಾಣಿಯ ನಡತೆಗೆ ತಕ್ಕಂತೆ ಆರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಜಾತಿಯನ್ನು ನೋಡೋಣ. ನಮ್ಮ ಅರಬ್ಬೀ ಸಮುದ್ರದ ಫೆರೋ ಕಟಲ್ ಮೀನಿನ ಮುಂಡವೇ 40 ಸೆಂಟಿಮೀಟರಿನಷ್ಟು ಬೆಳೆಯಬಲ್ಲುದು. ಅದು ಮನೆಯ ತೊಟ್ಟಿಗೆ ಸಲ್ಲದು. ಇಂಡೋನೇಷ್ಯ, ಫಿಲಿಪೈನ್ಸ್ ಕಡಲುಗಳ ಕುಳ್ಳ ಜಾತಿಯ ಮುಂಡವಾದರೋ ಸುಮಾರು 7 ಸೆಂಟಿಮೀಟರು. ಇಂಥ ಒಂದಕ್ಕೆ 115 ಲೀಟರಿಗೆ ಕಡಿಮೆಯಿಲ್ಲದ ನೀರು ಬೇಕೆನ್ನುವರು.

ಅಂಗೈಯಗಲದ ಜೀವಿಗೆ ಇಷ್ಟೊಂದು ನೀರೇಕೆ? ಕಾರಣಗಳು ಎರಡು. ಬೆದರಿದ ಕಟಲ್ ಮೀನು ಒಡಲೊಳಗಿನ ನೀರನ್ನು ಕೊಳವೆಯಿಂದ ರಭಸವಾಗಿ ಚಿಮ್ಮಿಸಿ ಬಾಣದಂತೆ ಹಿಮ್ಮುಖವಾಗಿ ಹಾರುತ್ತದೆ. ತೊಟ್ಟಿ ಕಿರಿದಾದರೆ ಹಿಂಬದಿಯು ಗಾಜಿಗೆ ಬಡಿದು ಚರ್ಮ ಕಿತ್ತು, ಹುಣ್ಣಾಗಿ, ಅದೇ ಮೃತ್ಯುವಿಗೆ ದಾರಿಯಾಗಬಹುದು. ಆದಕಾರಣ ಎತ್ತರಕ್ಕಿಂತ ಉದ್ದ ಅಗಲಗಳೇ ಮುಖ್ಯ. 90 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ತೊಟ್ಟಿಯಲ್ಲಿ 35 ಸೆಂಟಿಮೀಟರಿನವರೆಗೆ ತುಂಬಿದರೆ 126 ಲೀಟರು ಹಿಡಿಯುತ್ತದೆ. ಆ ನೀರೊಂದೇ ಸುಮಾರು 129 ಕಿಲೋ ತೂಗುವುದು. ಪುಸ್ತಕದ ಕಪಾಟಿನ ಮೇಲೆ ಇಡುವ ವಸ್ತುವಲ್ಲ!

ಎರಡನೆಯದು, ಇದು ಹೊಟ್ಟೆಬಾಕ. ಸಿಗಡಿ, ಏಡಿಗಳನ್ನು ತಿಂದು ಹೊರಹಾಕುವ ಕಲ್ಮಷದಿಂದ ನೀರಿನಲ್ಲಿ ಅಮೋನಿಯಾ ಬೇಗನೆ ಹೆಚ್ಚುತ್ತದೆ. ಅದನ್ನು ಕಡಿಮೆ ಅಪಾಯದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಶೋಧಕದಲ್ಲಿ ನೆಲೆಯೂರಲು ಹಲವು ವಾರಗಳೇ ಬೇಕು. ತೊಟ್ಟಿಯನ್ನೂ ಪ್ರಾಣಿಯನ್ನೂ ಒಂದೇ ದಿನ ಕೊಳ್ಳುವುದೆಂದರೆ ಗಾರೆ ಒಣಗದ ಮನೆಗೆ ಒಕ್ಕಲು ಹೋದಂತೆ. ನೊರೆಯೊಡನೆ ಕೊಳೆಯನ್ನು ತೆಗೆಯುವ ಯಂತ್ರವೂ, ಹೆದರಿ ಮಸಿಯುಗುಳಿದಾಗ ನೀರನ್ನು ತಿಳಿಮಾಡಲು ಇದ್ದಿಲೂ ಸಿದ್ಧವಾಗಿರಬೇಕು.

ಅಡಿಗೆಯ ಉಪ್ಪು ಬೆರೆಸಿದರೆ ಕಡಲ ನೀರಾಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದುವುಳ್ಳ ಸಮುದ್ರಲವಣವೇ ಬೇಕು, ಲೀಟರಿಗೆ ಸುಮಾರು 35 ಗ್ರಾಮಿನಂತೆ. ತಾಮ್ರದ ಸೋಂಕಂತೂ ಕೂಡದು. ವಿಚಿತ್ರವೆಂದರೆ ಈ ಪ್ರಾಣಿಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ತಾಮ್ರವೇ, ಆದುದರಿಂದಲೇ ಆ ರಕ್ತ ನೀಲಿ. ಆದರೂ ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ವಿಷ.

ತಳದಲ್ಲಿ ನುಣ್ಣನೆಯ ಮರಳು, ಅಡಗಲು ಒಂದೆರಡು ಕಲ್ಲು, ಮಂದವಾದ ಬೆಳಕು ಇಷ್ಟಿದ್ದರೆ ಸಾಕು. ಜೊತೆಗೆ ಬಣ್ಣದ ಮೀನುಗಳನ್ನು ಬಿಡುವ ಆಸೆ ಬೇಡ: ಚಿಕ್ಕವನ್ನು ಇದು ತಿಂದುಬಿಡುವುದು, ದೊಡ್ಡವು ಇದರ ಮೆದುವಾದ ರೆಕ್ಕೆಯನ್ನು ಕಚ್ಚುವುವು.